ಒಂದು ಕಡ್ಡಿಯಷ್ಟು ಗಾಳಿ

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದು ಕೇಳಿದ್ದೇವೆ;
ಘಾನಾದ ಒಡುಮಾಸೆಯಲ್ಲಿ ಬೆಂಕಿ ಬಂದು ಸೇರಿದೆ.
ಹುತ್ತದ ಮಣ್ಣು ಕಲಸಿ ಕಟ್ಟಿದ ಕುಲುಮೆ,
ಅದರ ಬಾಯಿಗೆ ನಾರ್ ಟೆಯೆ ಜೋಡಿಸಿದ ಹೊಸ ಯಂತ್ರ:
ಗುಜರಿ ಲಾರಿಯ ಫ್ಯಾನು, ಡಬ್ಬದ ತಗಡಿನ ಕವಾಟ,
ಸೈಕಲ್ ಬ್ರೇಕಿನ ತಂತಿ ಎಳೆದರೆ ಗಾಳಿ ಹೆಚ್ಚು, ಬಿಟ್ಟರೆ ಕಮ್ಮಿ.

ಬಿಯರಿನ ಹಸಿರು, ಕೆಮ್ಮಿನ ಔಷಧಿಯ ಕಂದು,
ಯಾರದೋ ಮದುವೆಯಲ್ಲಿ ಒಡೆದ ನೀಲಿ ಗಾಜಿನ ತಟ್ಟೆ
ಒನಕೆಯಡಿ ಎಲ್ಲ ಹಿಟ್ಟು.
ಅವನಮ್ಮ ಕೊರ್ಕೊರ್ ಅಚ್ಚಿನ ಗುಳಿಗುಳಿಗೂ
ಮರಗೆಣಸಿನ ಎಲೆತೊಟ್ಟೊಂದನ್ನು ನೆಟ್ಟು
ಸುತ್ತ ಪುಡಿ ಸುರಿಯುತ್ತಾಳೆ.

ಮೊದಲ ದಿನ ಫ್ಯಾನು ಅಬ್ಬರಿಸಿತು.
ಅರ್ಧ ತಾಸಿನಲ್ಲಿ ಅಚ್ಚಿನ ತುಂಬ ಒಂದೇ ಹೆಪ್ಪು,
ಮಣಿಯಿಲ್ಲ, ತೂತಿಲ್ಲ.
"ಉಸಿರು ಕಟ್ಟಿಸಿಬಿಟ್ಟೆಯಲ್ಲೋ" ಎಂದಳು ಮುದುಕಿ,
ತಂತಿಯನ್ನು ತಾನೇ ಹಿಡಿದು ಕಣ್ಣು ಮುಚ್ಚಿದಳು.
ಮಗುವಿಗೆ ಗಂಜಿ ಆರಿಸುವಷ್ಟು ಗಾಳಿ,
ಅಷ್ಟೇ.

ಈಗ ತಗಡಿನ ಮೇಲೆ ಮೊಳೆಯಲ್ಲಿ ಗೀರಿದ ಒಂದು ಗೆರೆ ಇದೆ.
ಅದು ಅವಳ ಉಸಿರಿನ ಅಳತೆ. ನಾರ್ ಅದಕ್ಕೆ ಹೆಸರಿಟ್ಟಿಲ್ಲ.

ಆರಿದ ಮಣಿ ಎತ್ತಿ ಬಿಸಿಲಿಗೆ ಹಿಡಿದರೆ
ತೊಟ್ಟು ಇಲ್ಲ, ಉರಿದು ಹೋಗಿದೆ;
ಅದು ಇದ್ದ ಜಾಗದಲ್ಲಿ
ಆಚೆಯ ರಸ್ತೆ ಕಾಣುತ್ತದೆ, ರಾಗಿಕಾಳಿನಷ್ಟು,
ಬಾಟಲಿ ತುಂಬಿದ ತಳ್ಳುಗಾಡಿ ಬರುತ್ತಿದೆ.