ನಾಲ್ಕು ಗಂಟೆ, ಮಾರ್ಚ್ ಮೂವತ್ತು

ಸೂರ್ ಊರಿನ ಡಯಾಲಿಸಿಸ್ ವಾರ್ಡಿನಲ್ಲಿ
ಗಡಿಯಾರಕ್ಕಿಂತ ಬಿಳಿ ಹಲಗೆಗೆ ಬೆಲೆ ಹೆಚ್ಚು.
ಬೆಳಿಗ್ಗೆ, ಸೂಜಿಗಳಿಗಿಂತ ಮೊದಲು,
ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದು ಬರೆಯುತ್ತೇನೆ:
ಇವತ್ತು ಹಿಂದೆಲ್ಲ ಏನೇನಾಗಿತ್ತು.

ನಾಲ್ಕು ಗಂಟೆ ರಕ್ತ ಹೊರಗೆ ಹೋಗಿ ತೊಳೆದು ಬರುವಾಗ
ಮನುಷ್ಯನಿಗೆ ನೋಡಲು ಏನಾದರೂ ಬೇಕಲ್ಲ.
ಛಾವಣಿಯ ಚೌಕಗಳನ್ನು ಇವರು ಎಂದೋ ಎಣಿಸಿ ಮುಗಿಸಿದ್ದಾರೆ:
ನೂರಾ ಹನ್ನೆರಡು. ಒಂದು ಬಿರುಕು ಬಿಟ್ಟಿದೆ.

ಮಾರ್ಚ್ ಮೂವತ್ತು, ೧೮೪೨.
ಒಬ್ಬ ಸಣ್ಣ ಊರಿನ ಡಾಕ್ಟರು ಈಥರು ಮೂಸಿಸಿ
ಕತ್ತಿನ ಗಡ್ಡೆ ಕೊಯ್ದ.
ನೋವಿಗೆ ನಿದ್ದೆ ಹತ್ತಿತು.
೧೮೬೭. ಅಲಾಸ್ಕ ಮಾರಾಟವಾಯಿತು,
ಎಕರೆಗೆ ಎರಡು ಸೆಂಟಿನ ಲೆಕ್ಕದಲ್ಲಿ.

ಒಂದನೇ ಕುರ್ಚಿ ಖಮೀಸ್ ಅಜ್ಜನದು.
ಖಮೀಸ್ ಎಂದರೆ ಗುರುವಾರ. ಹುಟ್ಟಿದ್ದು ಗುರುವಾರ,
ಇವತ್ತೂ ಗುರುವಾರ.
ನಮ್ಮಲ್ಲಿ ಕಮೀಸು ಎಂದರೆ ಅಂಗಿ ಎಂದಿದ್ದೆ ಒಮ್ಮೆ;
"ಹಾಗಾದರೆ ನನಗೊಂದು ಇಸ್ತ್ರಿ ಹಾಕು" ಎಂದು
ವಾರವಿಡೀ ನಕ್ಕಿದ್ದರು.
ಹಾಯಿ ಹಡಗು ಕಟ್ಟಿದ ಕೈ,
ಈಗ ಅದರೊಳಗೆ ಫಿಸ್ಟುಲಾ ಗುಂಯ್‌ಗುಡುತ್ತದೆ.
"ಆ ಅಲಾಸ್ಕದಲ್ಲಿ ಮೀನಿದೆಯಾ?"
ಇದೆ ಅಜ್ಜ.
"ಮಾರಿದವನು ಕತ್ತೆ."

೧೮೫೮. ಪೆನ್ಸಿಲಿನ ತಲೆಗೆ ರಬ್ಬರು ಕೂರಿಸಿ
ಒಬ್ಬ ಪೇಟೆಂಟು ಪಡೆದ.
ಹಲಗೆಯ ಮೇಲೆ ನಾನು ಬರೆಯದೆ ಬಿಟ್ಟದ್ದು:
ಆಮೇಲೆ ಕೋರ್ಟು ಅದನ್ನು ಹೊಡೆದುಹಾಕಿತು,
ಹಳೆಯ ಎರಡನ್ನು ಜೋಡಿಸಿದ ಮಾತ್ರಕ್ಕೆ
ಹೊಸದೇನೂ ಆಗಲಿಲ್ಲ ಎಂದು.
ಮನುಷ್ಯನಿಗೂ ಯಂತ್ರಕ್ಕೂ ನಡುವೆ ಎರಡು ಕೊಳವೆ ಸಿಕ್ಕಿಸಿದ ಕೈಯಲ್ಲಿ
ಅದನ್ನು ಬರೆಯುವ ಧೈರ್ಯ ನನಗಿಲ್ಲ.

ಎಲ್ಲಕ್ಕಿಂತ ಕೆಳಗಿನ ಸಾಲು ಕನ್ನಡ.
ನಾಲ್ಕನೇ ಕುರ್ಚಿಯ ಮೊಯ್ದಿನ್‌ಕುಂಞಿಯವರಿಗೆ, ದಿನಕ್ಕೊಂದು ಒಗಟು.
ಇಡೀ ವಾರ್ಡಿನಲ್ಲಿ ಆ ಅಕ್ಷರ ಓದುವವರು ನಾವಿಬ್ಬರೇ.
ಮಾರಿಸೆಲ್ ಅದನ್ನು ಹೂಬಳ್ಳಿ ಎಂದುಕೊಂಡು
ಪಕ್ಕದಲ್ಲೊಂದು ಚಿಟ್ಟೆ ಬಿಡಿಸಿದ್ದಾಳೆ, ವಸಂತಕ್ಕೆಂದು.

ಮರಳು ಬೇಡ ಎಂದಿದ್ದರು ಮೊದಲೇ.
"ಅದಕ್ಕೆ ಎರಡರ್ಥ ಅಂತ
ಇಲ್ಲಿಗೆ ಬಂದವನಿಗೆ ಹೇಳಿಕೊಡ್ಬೇಕಾ ಸಿಸ್ಟರೇ?"
ಹಾಗಾಗಿ ಇವತ್ತಿನದು:
ಬರೆದದ್ದನ್ನು ಇಲ್ಲವಾಗಿಸುತ್ತದೆ,
ಕಣ್ಣಲ್ಲಿ ನೀರೂ ತರಿಸುತ್ತದೆ. ಒಂದೇ ಪದ.

ಎರಡು ಗಂಟೆ ಯೋಚಿಸಿದರು.
ನಡುವೆ ಬಿಪಿ ಇಳಿಯಿತು, ಕುರ್ಚಿ ಮಲಗಿಸಿ ಕಾಲು ಎತ್ತಿಸಿದೆ.
ಯೋಚನೆ ಬಿಡಲಿಲ್ಲ.
"ನೀರುಳ್ಳಿ," ಎಂದರು ಕೊನೆಗೆ, ಕಣ್ಣು ತೆರೆಯದೆ.
ನೀರುಳ್ಳಿ ಏನನ್ನು ಇಲ್ಲವಾಗಿಸುತ್ತದೆ?
"ಹಸಿವನ್ನು.
ಇಪ್ಪತ್ತಾರು ವರ್ಷ ಕೆಫೆಟೇರಿಯಾದಲ್ಲಿ ಕೊಚ್ಚಿದವ ನಾನು.
ದಿನಾ ಅಳಿಸಿದೆ ಅದು ನನ್ನನ್ನು,
ಪೆರ್ನಾಳಿಗೂ ರಜೆ ಕೊಡದೆ ಅಳಿಸಿದೆ."

ಉತ್ತರ ಬಾಯಲ್ಲೇ ಇತ್ತು, ಎರಡು ಸಲ.
ಅವರಿಗೆ ಕೇಳಿಸಲಿಲ್ಲ.
ಸರಿ ಉತ್ತರ, ಎಂದೆ.

ಹನ್ನೊಂದು ವರ್ಷದ ಹಿಂದೆ ಇದೇ ತಾರೀಕು
ನಾನು ಮಸ್ಕತ್ತಿನಲ್ಲಿ ಇಳಿದದ್ದು,
ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಂದರಲ್ಲಿ ಹಪ್ಪಳದ ಕಟ್ಟು.
ಅದು ಯಾವ ಪಟ್ಟಿಯಲ್ಲೂ ಇಲ್ಲ.

ಹನ್ನೊಂದೂವರೆಗೆ ಡಸ್ಟರು ಎತ್ತಿದರೆ
ಖಮೀಸ್ ಅಜ್ಜ ಟೋಪಿ ಸರಿಮಾಡಿಕೊಳ್ಳುತ್ತಾ,
"ಅಲಾಸ್ಕ ಇರಲಿ. ಮಧ್ಯಾಹ್ನದವರೂ ಬಯ್ಯಲಿ."
ಬಿಟ್ಟೆ. ಚಿಟ್ಟೆಯನ್ನೂ ಬಿಟ್ಟೆ.
ಕೆಳಗಿನ ಸಾಲನ್ನು ಮಾತ್ರ, ಡಸ್ಟರು ಯಾಕೆಂದು,
ಅಂಗೈಯಲ್ಲೇ ಅಳಿಸಿದೆ.

ಹೊರಗೆ ಮೂವತ್ತಾರು ಡಿಗ್ರಿ, ಪಾರ್ಕಿಂಗಿನ ಬೇವು ಹೂ ಬಿಟ್ಟಿದೆ.
ವ್ಯಾನು ಹತ್ತುವ ಮೊದಲು ಮೊಯ್ದಿನ್‌ಕುಂಞಿ ತಿರುಗಿ,
"ಭಾನುವಾರ ಸ್ವಲ್ಪ ಕಷ್ಟದ್ದು ಕೊಡಿ ಸಿಸ್ಟರೇ,"
ಎಂದರು. ಆಗಲಿ ಎಂದು ಕೈ ಬೀಸಿದೆ,
ಅಂಗೈಯೆಲ್ಲ ನೀಲಿ.