ಎರಡನೇ ಕೊಳವೆ

ರಾತ್ರಿ ಎರಡೂ ಹತ್ತು. ಕುತೈಸಿಯ ರಕ್ತನಿಧಿ, ನೆಲಮಾಳಿಗೆ.
ಇನ್ನೂರ ಹನ್ನೆರಡು ಪ್ಯಾಕೇಜು ಒಂದರ ಹಿಂದೊಂದು
ಬಿಚ್ಚಿಕೊಂಡು, ಕೂತುಕೊಂಡು, ಆಯಿತು ಎನ್ನುತ್ತಿವೆ.
ಎತೆರಿ ಚಹಾಕ್ಕೆ ಕೈ ಚಾಚಿದ್ದಷ್ಟೇ,
ನಡುವೆ ಉದ್ದನೆಯ ಸಾಲೊಂದು ಸುಳಿದು
ಮೇಲಕ್ಕೆ ಹೋಯಿತು,
ನಿಲ್ಲದ ರೈಲಿನ ಕಿಟಕಿಯಲ್ಲಿ
ಯಾರದೋ ಗುರುತಿನ ಮುಖದಂತೆ.
ಈ ಹಳೇ ತೆರೆ ಹಿಂದಕ್ಕೆ ಸರಿಯುವುದಿಲ್ಲ.

ಇರಲಿ, ಕಡತವಿದೆಯಲ್ಲ.
ಈ ಸಲ ಅವಳು ಹುಷಾರು:
ಕೊಳಾಯಿಯವರು ಹಾಕುವಂಥ ಟೀ ಜೋಡಿಸಿದ್ದಾಳೆ,
ಬಂದ ಮಾತಿನಲ್ಲಿ ತೆರೆಗೊಂದು ಪಾಲು, ಕಡತಕ್ಕೊಂದು ಪಾಲು.
ತೆಗೆದು ನೋಡುತ್ತಾಳೆ.
ಬಿಚ್ಚಿದೆ. ಕೂರಿಸಿದೆ. ಆಯಿತು. ಆಯಿತು. ಆಯಿತು.
ಮದುವೆ ದಲ್ಲಾಳಿಯ ಬಾಯಿ.
ಹುಳುಕಿನ ಸುದ್ದಿಯೇ ಇಲ್ಲ.

ತಪ್ಪುಗಳಿಗೆ ಬೇರೆಯೇ ಕೊಳವೆ.
ಎಂದೋ ಓದಿದ್ದಳು, ಪರೀಕ್ಷೆಗೆ:
ಒಂದನೆಯದರಲ್ಲಿ ಹರಿಯುವುದು ಹೇಳಬೇಕಾದ್ದು,
ಎರಡನೆಯದರಲ್ಲಿ, ಹೇಳದೆ ವಿಧಿಯಿಲ್ಲದ್ದು.
ಎರಡೂ ಬಂದು ಬೀಳುವುದು ಒಂದೇ ತೆರೆಗೆ,
ಕಣ್ಣಿಗೆ ಭೇದ ತಿಳಿಯುವುದಿಲ್ಲ.

ಮೇಜಿನ ಖಾನೆಯಲ್ಲಿ ಗುರಾಮನ ನೋಟ್‌ಬುಕ್ಕು.
ಒಂಬತ್ತು ವರ್ಷ ಈ ಕುರ್ಚಿಯಲ್ಲಿ ಕೂತವನು,
ಈಗ ಬತುಮಿಯಲ್ಲಿ ದೋಣಿಗೆ ಬಣ್ಣ ಬಳಿಯುತ್ತಾನಂತೆ.
ಪೆನ್ಸಿಲಿನಲ್ಲಿ ಹೀಗಿದೆ:
"ಮಾರ್ಚ್ ಹದಿನಾಲ್ಕು. ಹಿಮ. ತೆರೆ ನೋಡಿ ಕೈಯಲ್ಲೇ ಬರೆದುಕೊಂಡೆ.
ನಾಲ್ಕು ಸಾಲು ಸಿಕ್ಕವು. ಐದನೆಯದು,
ಲೇಬಲ್ ಪ್ರಿಂಟರಿನ ಡ್ರೈವರು... ಮುಂದಿನದು ಓಡಿಹೋಯಿತು."
ಅಲ್ಲಿಂದಾಚೆ ಅರ್ಧ ಪುಟ ಖಾಲಿ ಬಿಟ್ಟಿದ್ದಾನೆ,
ಊಟಕ್ಕೆ ಬಾರದವನಿಗೆ ಎಲೆ ಹಾಕಿಟ್ಟ ಹಾಗೆ.

ಬಾಗಿಲಲ್ಲಿ ಲಮಾರಾ, ಕೈಗವಸು ಕಳಚದೆಯೇ:
"ಓ ನೆಗೆಟಿವ್ ಎರಡು ಚೀಲ ಮೇಲೆ ಹೋಗಬೇಕು. ಲೇಬಲ್ ಬರುತ್ತದೋ ಇಲ್ಲವೋ?"
"ಗೊತ್ತಿಲ್ಲ."
"ಮತ್ತೆ ಯಾರಿಗೆ ಗೊತ್ತು?"
"ಅದು ಹೇಳಿತು. ನಾನು ಚಹಾ ತೆಗೆದುಕೊಳ್ಳುತ್ತಿದ್ದೆ."
ಲಮಾರಾ ನಗಲಿಲ್ಲ. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ
ಗುಂಪು, ಸಂಖ್ಯೆ, ತಾರೀಖು, ತನ್ನ ರುಜು
ಎರಡೆರಡು ಸಲ ಬರೆದು, ಗಟ್ಟಿಯಾಗಿ ಓದಿ,
ಅಂಟಿಸಿಕೊಂಡು ಹೋದಳು.

ಮತ್ತೆ ಓಡಿಸಿದಳು ಎತೆರಿ. ಈ ಬಾರಿ ಟೀಗೆ ಮುಂಚೆ
ನಾಲ್ಕೇ ನಾಲ್ಕು ಚಿಹ್ನೆ:
ಎರಡನೆಯದನ್ನು ಒಂದನೆಯದಕ್ಕೆ ಕೂಡಿಸು.
ಚಹಾ ಆರಿತ್ತು. ಅವಳು ಕಣ್ಣು ಕೀಳಲಿಲ್ಲ.
ಹನ್ನೊಂದನೆಯ ಸಾಲು:
ಲೇಬಲ್ ಪ್ರಿಂಟರಿನ ಡ್ರೈವರು ಹಳೆಯದನ್ನೇ ಹಿಡಿದು ಕೂತಿದೆ,
ಹೊಸದಕ್ಕೆ ಜಾಗ ಬಿಡುತ್ತಿಲ್ಲ.

ಕಡತದಲ್ಲಿ ಉಳಿಯಿತು. ಆದರೂ ಪೆನ್ಸಿಲು ಹುಡುಕಿ
ಗುರಾಮ ಬಿಟ್ಟ ಜಾಗದಲ್ಲಿ ಇಡೀ ಸಾಲು ಬರೆದಳು.
ಅವನ ಕೈತಪ್ಪಿದ್ದು ಇದೇ ಇರಬಹುದು,
ಇಲ್ಲದೆಯೂ ಇರಬಹುದು;
ಕೊನೆಗೊಂದು ಪ್ರಶ್ನೆಚಿಹ್ನೆ ಇಟ್ಟಳು.
ಪಕ್ಕದಲ್ಲಿ ವೇಳೆ: ಮೂರೂ ಐದು.
ಹಿಮವಿಲ್ಲ.