ಲೆಕ್ಕಕ್ಕೆ ಸಿಗದ ನೀರು

ಬಾಟಲಿಯಿಂದ ಹಿಂದಕ್ಕೆ ಎಣಿಸಬೇಕು, ಲೂರ್ದಮ್ಮ.
ಐದು ಲೀಟರ್ ಬಿಯರ್ ಬೇಕೆಂದರೆ
ತಳದ ಗಸಿಗೆ ಅರ್ಧ,
ಒಂದು ಗಂಟೆಯ ಕುದಿಗೆ ಒಂದೂವರೆ,
ಬಾರ್ಲಿ ನುಚ್ಚು, ಮೇಲೊಂದು ಬೊಗಸೆ ಮೊಳಕೆ ರಾಗಿ
ಹಿಂಡಿದರೂ ಬಿಡದೆ ಇಟ್ಟುಕೊಳ್ಳುವುದು ಒಂದೂಕಾಲು.
ನಲ್ಲಿಯಡಿ ಎಂಟೂಕಾಲು ಹಿಡಿ.
ಸೌಟಿನ ಕಾವಿಗೆ ಬ್ಲೇಡಿನಲ್ಲಿ ಗೀಟು ಹಾಕಿದ್ದೇನೆ.

ಒಂಟಿಕೊಪ್ಪಲಿನ ನೀರು ಕಚೇರಿಯಲ್ಲಿ
ಇಪ್ಪತ್ತೆಂಟು ವರ್ಷ
ಬಿಟ್ಟದ್ದರಲ್ಲಿ ಮುಟ್ಟಿದ್ದು ಕಳೆದು
ಉಳಿದದ್ದಕ್ಕೆ ‘ಲೆಕ್ಕಕ್ಕೆ ಸಿಗದ ನೀರು’ ಎಂದು ಬರೆದು
ರುಜು ಹಾಕಿ ಊಟಕ್ಕೆ ಏಳುತ್ತಿದ್ದೆ.
ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.
ನಾನೂ.

ಇವತ್ತು ಇಳಿಸಿ ಅಳೆದರೆ
ಐದೂವರೆಗೆ ಕಾಲು ಕಡಿಮೆ.
ಪೈಪು ಕೊಡವಿದೆ, ನೆಲ ಒರೆಸಿದ ಬಟ್ಟೆಯನ್ನೂ ಹಿಂಡಿದೆ.
ನೀನು ಮಾತಾಡದೆ ಒಲೆ ಮೇಲಿನ ಕ್ಯಾಲೆಂಡರ್ ತೋರಿಸಿದೆ:
ಮಾರ್ಚಿ ತಿಂಗಳು ಪೂರ್ತಿ ಉಬ್ಬಿದೆ,
ಭಾನುವಾರಗಳ ಕೆಂಪು ಸೋಮವಾರಕ್ಕೆ ಹರಿದಿದೆ.
ಮೂಸಿದರೆ
ಹುರಿಹಿಟ್ಟಿನ ವಾಸನೆ.